‘ಸೋಮವಾರ ಕಳಿಸಿದ್ದೆ’: ಇಂಗ್ಲಿಷಿನಲ್ಲಿ ‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ಮೇಡಂ, ನಾನು ವಿಜಯಪುರ ಜಿಲ್ಲೆಯವನು. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ. ಮೊನ್ನೆ ಲಂಡನ್‌ನ ಕ್ಲೈಂಟ್‌ಗೆ ‘ಐ ಹ್ಯಾಡ್ ಸೆಂಟ್ ದ ರಿಪೋರ್ಟ್ ಆನ್ ಮಂಡೇ’ ಅಂತ ಮೇಲ್ ಮಾಡಿದೆ. ‘ಆಮೇಲೆ ಏನಾಯಿತು, ವಾಪಸ್ ತಗೊಂಡ್ರಾ?’ ಅಂತ ಅವರಿಂದ ಉತ್ತರ ಬಂತು. ಸರಿ, ‘ಹ್ಯಾಡ್’ ಬೇಡ ಅಂತ ಮುಂದಿನ ಸಲ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಅಂತ ಬರೆದೆ. ಅದೂ ತಪ್ಪು ಅಂದರು ನಮ್ಮ ಟೀಮ್ ಲೀಡ್. ನನಗೆ 12 ಟೆನ್ಸ್ ಬಾಯಿಪಾಠ ಇವೆ. ಪಕ್ಕದ ಮರಾಠಿ ಗೆಳೆಯರನ್ನು ಕೇಳಿದರೆ ಎರಡೂ ಸರಿ ಅಂತಾರೆ. ನನ್ನ ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ಏಳನೇ ಕ್ಲಾಸು. ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಹೋಗಿ ಬಂದು ಅವಳೂ ‘ವಿ ಹ್ಯಾಡ್ ಗಾನ್ ಟು ಸಿಂಹಗಡ್’ ಅಂತಾಳೆ. ಯಾವುದು ಸರಿ? ಇದಕ್ಕೆ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಬೇಕಾ?

ಉತ್ತರ: ಕ್ಲಾಸಿಗೆ ಸೇರಬೇಡಿ, ದುಡ್ಡು ಉಳಿಯಲಿ. ಈ ತಪ್ಪನ್ನು ಕ್ಲಾಸು ನಡೆಸುವ ಮಾಸ್ತರರಲ್ಲಿ ಎಷ್ಟೋ ಜನ ತಾವೇ ಮಾಡುತ್ತಾರೆ. ನಾನು ಮುಂಬೈನಲ್ಲಿ ಸಂಜೆ ಹೊತ್ತು ನಮ್ಮ ಕನ್ನಡದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋಟೆಲ್ ಕ್ಯಾಷಿಯರ್, ಬ್ಯಾಂಕಿನವರು, ನರ್ಸ್, ಸಿಎ ಓದುವ ಹುಡುಗರು, ಹೀಗೆ ಎಲ್ಲ ತರಹದವರೂ ಬರುತ್ತಾರೆ. ಬೇರೆ ತಪ್ಪುಗಳು ಒಬ್ಬೊಬ್ಬರದು ಒಂದೊಂದು ತರಹ. ‘ಹ್ಯಾಡ್’ ಮಾತ್ರ ಎಲ್ಲರದೂ ಒಂದೇ. ಡಿಗ್ರಿ ಜಾಸ್ತಿ ಆದಷ್ಟೂ ‘ಹ್ಯಾಡ್’ ಕೂಡ ಜಾಸ್ತಿ ಆಗುವುದನ್ನು ನೋಡಿದ್ದೇನೆ.

ನಿಮ್ಮ ವಾಕ್ಯವನ್ನು ಮೊದಲು ಕನ್ನಡದಲ್ಲಿ ನೋಡೋಣ. ‘ಸೋಮವಾರ ರಿಪೋರ್ಟ್ ಕಳಿಸಿದ್ದೆ.’ ಎಷ್ಟು ಸಹಜವಾಗಿದೆ ಅಲ್ವಾ? ‘ಹೋದ ವಾರ ಗೋವಾಕ್ಕೆ ಹೋಗಿದ್ದೆ’, ‘ಬೆಳಗ್ಗೆ ನಿಮಗೆ ಫೋನ್ ಮಾಡಿದ್ದೆ’, ‘ನಿನ್ನೆ ಡಾಕ್ಟರ್ ಹತ್ತಿರ ಹೋಗಿದ್ವಿ’. ದಿನಕ್ಕೆ ಎಷ್ಟು ಸಲ ಹೀಗೆ ಹೇಳುತ್ತೇವೋ ಲೆಕ್ಕವಿಲ್ಲ. ಇದರಲ್ಲಿರುವ ‘ಇದ್ದೆ’ಯನ್ನು ಶಾಲೆಯಲ್ಲಿ ನಮಗೆ ‘ಹ್ಯಾಡ್’ ಅಂತ ಕಲಿಸಿದ್ದಾರೆ. ಹೋದೆ ಅಂದರೆ ‘ವೆಂಟ್’, ಹೋಗಿದ್ದೇನೆ ಅಂದರೆ ‘ಹ್ಯಾವ್ ಗಾನ್’, ಹೋಗಿದ್ದೆ ಅಂದರೆ ‘ಹ್ಯಾಡ್ ಗಾನ್’. ನೋಡೋಕೆ ಅಚ್ಚುಕಟ್ಟಾದ ಪಟ್ಟಿ. ಬೋರ್ಡಿನ ಮೇಲೆ ಬರೆದರೆ ಸಾಲಾಗಿ ಕೂರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದಲೇ.

‘ಹೋಗಿದ್ದೆ’ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಮಾಡುವುದು ಅದರಲ್ಲಿ ಒಂದನ್ನು ಮಾತ್ರ.

ಎರಡೂ ಭಾಷೆಗೆ ಹೊಂದುವ ಕೆಲಸ ಇದು: ನೀವು ಪುಣೆ ಸ್ಟೇಷನ್ನಿಗೆ ಓಡಿಕೊಂಡು ಹೋದಿರಿ, ಡೆಕ್ಕನ್ ಕ್ವೀನ್ ಆಗಲೇ ಹೊರಟಿತ್ತು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.’ ಇಲ್ಲಿ ಹಿಂದೆ ನಡೆದ ಘಟನೆ ಎರಡು. ನೀವು ತಲುಪಿದ್ದು ಒಂದು, ಅದಕ್ಕೂ ಮೊದಲು ಗಾಡಿ ಹೊರಟಿದ್ದು ಇನ್ನೊಂದು. ಮೊದಲು ಆಗಿದ್ದಕ್ಕೆ ‘ಹ್ಯಾಡ್’. ಅದನ್ನು ತೆಗೆದು ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್’ ಅಂದರೆ ಅರ್ಥವೇ ಬದಲಾಗುತ್ತದೆ. ನೀವು ಕಾಲಿಟ್ಟ ಹೊತ್ತಿಗೆ ಸರಿಯಾಗಿ ಗಾಡಿ ಹೊರಟಿತು, ಓಡಿದ್ದರೆ ಕೊನೇ ಡಬ್ಬಿ ಸಿಗುತ್ತಿತ್ತೇನೋ ಅನ್ನೋ ಹಾಗೆ. ಕನ್ನಡದಲ್ಲೂ ‘ನಾನು ಹೋದಾಗ ಗಾಡಿ ಹೊರಟಿತ್ತು’, ‘ನಾನು ಹೋದಾಗ ಗಾಡಿ ಹೊರಟಿತು’ ಎರಡರ ನಡುವೆ ಇದೇ ವ್ಯತ್ಯಾಸ. ಒಂದು ‘ತ’ ಒತ್ತಿನಲ್ಲಿ ಗಾಡಿ ತಪ್ಪುತ್ತದೆ. ಇಲ್ಲಿಯವರೆಗೆ ಎರಡು ಭಾಷೆಗೂ ಜಗಳವಿಲ್ಲ.

ಕನ್ನಡ ಮಾತ್ರ ಮಾಡುವ ಎರಡನೇ ಕೆಲಸ ಬೇರೆ. ‘ಹೋದ ವಾರ ಗೋವಾಕ್ಕೆ ಹೋಗಿದ್ದೆ’ ಅಂದರೆ ಹೋದೆ, ಬಂದೆ, ಮುಗೀತು. ಇಲ್ಲಿ ಎರಡನೇ ಘಟನೆ ಅಂತ ಯಾವುದೂ ಇಲ್ಲ. ವಿಷಯ ಮುಚ್ಚಿಹೋಗಿದೆ ಅಂತ ಹೇಳುವುದಕ್ಕಷ್ಟೇ ‘ಇದ್ದೆ’ ಬಂದಿದೆ. ಬದಲಿಗೆ ‘ಹೋದ ವಾರ ಗೋವಾಕ್ಕೆ ಹೋದೆ’ ಅಂತ ಹೇಳಿ ಸುಮ್ನೆ ಕೂತರೆ ಎದುರಿನವರು ನಿಮ್ಮ ಮುಖ ನೋಡುತ್ತಾರೆ. ‘ಹೋದೆ... ಆಮೇಲೆ?’ ಅಂತ. ಕನ್ನಡದಲ್ಲಿ ‘ಹೋದೆ’ ಅಂದರೆ ಕಥೆ ಇನ್ನೂ ಇದೆ. ‘ಹೋಗಿದ್ದೆ’ ಅಂದರೆ ಕಥೆ ಮುಗಿದಿದೆ.

ಇಂಗ್ಲಿಷಿನಲ್ಲಿ ಇದು ಪೂರ್ತಿ ತಿರುಗುಮುರುಗು. ‘ಐ ವೆಂಟ್ ಟು ಗೋವಾ’ ಅಂದರೆ ಮುಗಿದ ವಿಷಯ. ‘ಐ ಹ್ಯಾಡ್ ಗಾನ್ ಟು ಗೋವಾ’ ಅಂದರೆ ಎದುರಿನವರು ‘ಆಮೇಲೆ?’ ಅಂತ ಕಾಯುತ್ತಾರೆ. ಗೋವಾಕ್ಕೆ ಹೋಗಿದ್ದಾಗ ಇಲ್ಲಿ ಏನಾಯಿತು, ಮನೆಗೆ ಕಳ್ಳರು ಬಂದರಾ, ಬಾಸ್ ಫೋನ್ ಮಾಡಿದರಾ? ನಿಮ್ಮ ಕ್ಲೈಂಟ್ ಕೇಳಿದ್ದೂ ಇದನ್ನೇ. ಅವರು ತಮಾಷೆ ಮಾಡಲಿಲ್ಲ. ‘ಹ್ಯಾಡ್ ಸೆಂಟ್’ ಓದಿ, ಆಮೇಲೆ ಏನೋ ಆಗಿದೆ, ನೀವು ಅದನ್ನು ಬರೆಯೋಕೆ ಮರೆತಿದ್ದೀರಿ ಅಂದುಕೊಂಡರು. ಆ ಕಿವಿಗೆ ‘ಹ್ಯಾಡ್’ ಇನ್ನೊಂದು ರೀತಿಯಲ್ಲೂ ಕೇಳಿಸುತ್ತದೆ. ‘ಐ ಹ್ಯಾಡ್ ಹೋಪ್ಡ್ ಟು ಮೀಟ್ ಯು’ ಅಂದರೆ ಭೇಟಿ ಆಗಬೇಕೂಂತ ಇತ್ತು, ಆಗಲಿಲ್ಲ. ಹಾಗಾಗಿ ಬರೀ ‘ಹ್ಯಾಡ್’ ಕಂಡರೆ ಏನೋ ಕೆಟ್ಟಿದೆ ಅನ್ನೋ ಅನುಮಾನ ಅವರಿಗೆ ಬೇಗ ಬರುತ್ತದೆ.

ಈಗ ನಿಮ್ಮ ಮರಾಠಿ ಗೆಳೆಯರ ವಿಷಯ. ಅವರ ಮಾತು ಕೇಳಿ ನೋಡಿ. ‘ಮೀ ಗೋವ್ಯಾಲಾ ಗೇಲೋ ಹೋತೋ.’ ಹಿಂದಿಯವರು ‘ಮೈ ಗೋವಾ ಗಯಾ ಥಾ’. ಮೂರೂ ಭಾಷೆಯಲ್ಲಿ ಅಚ್ಚು ಒಂದೇ. ಕನ್ನಡ ದ್ರಾವಿಡ, ಮರಾಠಿ ಮತ್ತು ಹಿಂದಿ ಆರ್ಯ ಭಾಷೆಗಳು. ಆದರೂ ಅಕ್ಕಪಕ್ಕ ಬದುಕಿ ಹೀಗೆ ಎಷ್ಟೋ ವಿಷಯದಲ್ಲಿ ಒಂದೇ ದಾರಿ ಹಿಡಿದಿವೆ. ಆದ್ದರಿಂದ ಪುಣೆಯ ಆಫೀಸಿನಲ್ಲಿ ನೀವು ‘ಹ್ಯಾಡ್’ ಹಾಕಿದರೆ ಯಾರಿಗೂ ಕಿವಿಗೆ ಚುಚ್ಚುವುದಿಲ್ಲ. ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಸರಿ ಅಂತಾರೆ. ನೀವೊಬ್ಬ ತಮಿಳು ಗೆಳೆಯನನ್ನು ಕೇಳಿದರೂ ಉತ್ತರ ಬದಲಾಗುವುದು ಅನುಮಾನ. ಸಾಕ್ಷಿ ಹೇಳುವವರೆಲ್ಲ ಒಂದೇ ಊರಿನವರಾದಂತೆ.

ಹಾಗಾದರೆ ಪರೀಕ್ಷೆ ಹೇಗೆ? ಇಂಗ್ಲಿಷ್ ರೂಲ್ ಬದಿಗಿಡಿ. ಕನ್ನಡದಲ್ಲೇ ಒಂದು ಉಪಾಯ ಇದೆ. ನಿಮ್ಮ ವಾಕ್ಯದೊಳಗೆ ‘ಅಷ್ಟರಲ್ಲಿ ಆಗಲೇ’ ಅಂತ ಸೇರಿಸಿ ನೋಡಿ. ‘ನಾನು ಸ್ಟೇಷನ್ನಿಗೆ ಹೋದೆ, ಅಷ್ಟರಲ್ಲಿ ಆಗಲೇ ಗಾಡಿ ಹೊರಟಿತ್ತು.’ ಸರಿಯಾಗಿ ಕೂತಿತು, ಅಂದರೆ ‘ಹ್ಯಾಡ್’ ಬೇಕು. ‘ಹೋದ ವಾರ ಅಷ್ಟರಲ್ಲಿ ಆಗಲೇ ಗೋವಾಕ್ಕೆ ಹೋಗಿದ್ದೆ.’ ಯಾವಾಗಿನಷ್ಟರಲ್ಲಿ? ಕೂರಲಿಲ್ಲ. ‘ಹ್ಯಾಡ್’ ಬೇಡ, ‘ವೆಂಟ್’ ಸಾಕು. ‘ಸೋಮವಾರ ಅಷ್ಟರಲ್ಲಿ ಆಗಲೇ ಕಳಿಸಿದ್ದೆ’ ಕೂಡ ಒಂಟಿಯಾಗಿ ನಿಲ್ಲುವುದಿಲ್ಲ. ಅದೇ ‘ನೀವು ಮಂಗಳವಾರ ಫೋನ್ ಮಾಡಿದಿರಿ, ಅಷ್ಟರಲ್ಲಿ ಆಗಲೇ ನಾನು ರಿಪೋರ್ಟ್ ಕಳಿಸಿದ್ದೆ’ ಅಂದರೆ ಕೂರುತ್ತದೆ. ‘ವೆನ್ ಯು ಕಾಲ್ಡ್ ಆನ್ ಟ್ಯೂಸ್‌ಡೇ, ಐ ಹ್ಯಾಡ್ ಆಲ್‌ರೆಡಿ ಸೆಂಟ್ ದ ರಿಪೋರ್ಟ್.’ ಇಲ್ಲಿ ‘ಹ್ಯಾಡ್’ ಹಾಕಿ, ಧೈರ್ಯವಾಗಿ ಹಾಕಿ.

ನಿಮ್ಮ ‘ಕಳಿಸಿದ್ದೆ’ಯಲ್ಲಿ ಇನ್ನೊಂದು ಸಣ್ಣ ಸಂಗತಿ ಅಡಗಿದೆ. ನಾವು ‘ಸೋಮವಾರನೇ ಕಳಿಸಿದ್ದೆನಲ್ಲ’ ಅನ್ನುವಾಗ ಸ್ವಲ್ಪ ಮುನಿಸು ಇರುತ್ತದೆ. ನಾನು ನನ್ನ ಕೆಲಸ ಮಾಡಿದ್ದೇನೆ, ನೀವೇ ನೋಡಿಲ್ಲ ಅಂತ. ಆ ಮುನಿಸನ್ನು ಇಂಗ್ಲಿಷಿಗೆ ದಾಟಿಸಲು ನಾವು ‘ಹ್ಯಾಡ್’ ಹಾಕುತ್ತೇವೆ. ಅದು ದಾಟುವುದಿಲ್ಲ. ದಾಟಿಸಲೇಬೇಕಿದ್ದರೆ ‘ಐ ಡಿಡ್ ಸೆಂಡ್ ದ ರಿಪೋರ್ಟ್ ಆನ್ ಮಂಡೇ’ ಅನ್ನಬೇಕು. ಆ ‘ಡಿಡ್’ ಕೊಂಚ ಖಾರ. ಕ್ಲೈಂಟ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ಐ ಸೆಂಟ್ ದ ರಿಪೋರ್ಟ್ ಆನ್ ಮಂಡೇ. ಕುಡ್ ಯು ಪ್ಲೀಸ್ ಚೆಕ್ ಇಫ್ ಇಟ್ ರೀಚ್ಡ್ ಯು?’ ಮುನಿಸು ಎರಡನೇ ವಾಕ್ಯದಲ್ಲಿ ಮರ್ಯಾದೆಯಾಗಿ ಕೂತಿದೆ.

ಕನ್ನಡ ಯಾವಾಗಲೂ ಅಡ್ಡಗಾಲು ಹಾಕುತ್ತದೆ ಅಂತಲೂ ತಿಳಿಯಬೇಡಿ. ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್’ ಅಂತ ಸುತ್ತಮುತ್ತ ಬಹಳ ಜನ ಹೇಳುತ್ತಾರೆ. ಅಮೆರಿಕನ್ನರ ಬಾಯಲ್ಲೂ ಕೇಳಿದ್ದೇನೆ. ಬರವಣಿಗೆಯಲ್ಲಿ ಮಾತ್ರ ಮೊದಲ ‘ವುಡ್’ ಬೇಡ. ಕನ್ನಡದಲ್ಲಿ ಏನಂತೀವಿ? ‘ನೀವು ಹೇಳಿದ್ದರೆ ನಾನು ಬರ್ತಿದ್ದೆ.’ ‘ಹೇಳಿದ್ದರೆ’ಯ ‘ಇದ್ದರೆ’ ಇದೆಯಲ್ಲ, ಅದೇ ಇಲ್ಲಿ ‘ಹ್ಯಾಡ್’. ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್.’ ಇಲ್ಲಿ ಕನ್ನಡವನ್ನು ನಂಬಿ ಹೋದರೆ ದಾರಿ ತಪ್ಪುವುದಿಲ್ಲ.

ಇನ್ನು ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’. ಇದೂ ನೇರ ಕನ್ನಡವೇ: ‘ನಿನ್ನೆನೇ ಕಳಿಸಿದ್ದೇನೆ.’ ನಮಗೆ ಇದರಲ್ಲಿ ಯಾವ ತೊಂದರೆಯೂ ಇಲ್ಲ. ಇಂಗ್ಲಿಷಿನ ‘ಹ್ಯಾವ್ ಸೆಂಟ್’ ಈಗಿನ ಸ್ಥಿತಿಯನ್ನು ಹೇಳುವ ಮಾತು. ಕಳಿಸಿ ಆಗಿದೆ, ಈಗ ಅದು ನಿಮ್ಮ ಹತ್ತಿರ ಇರಬೇಕು ಅಂತ. ಯಾವಾಗ ಅನ್ನೋದು ಅದಕ್ಕೆ ಬೇಡ. ಮುಗಿದುಹೋದ ಹೊತ್ತು, ಅಂದರೆ ‘ಯೆಸ್ಟರ್‌ಡೇ’, ‘ಆನ್ ಮಂಡೇ’, ‘ಲಾಸ್ಟ್ ವೀಕ್’, ‘ಇನ್ 2019’, ‘ಟೂ ಡೇಸ್ ಅಗೋ’, ಇವುಗಳಲ್ಲಿ ಯಾವುದಾದರೂ ವಾಕ್ಯಕ್ಕೆ ಬಂದರೆ ‘ಹ್ಯಾವ್’ ಹೊರಗೆ ಹೋಗಬೇಕು. ‘ಐ ಹ್ಯಾವ್ ಸೆಂಟ್ ಇಟ್’ ಸರಿ. ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಸರಿ. ಎರಡನ್ನೂ ಕೂಡಿಸಿದರೆ ತಪ್ಪು.

ಇದು ನಿಮಗೆ ವಿಚಿತ್ರ ಅನಿಸಿದರೆ ನಿಮ್ಮ ಪರವಾಗಿ ದೊಡ್ಡ ದೊಡ್ಡವರೇ ಇದ್ದಾರೆ. ಜರ್ಮನ್ ಭಾಷೆಯಲ್ಲಿ ‘ನಿನ್ನೆ ನೋಡಿದ್ದೇನೆ’ ಅನ್ನುವ ರೂಪ ಆರಾಮಾಗಿ ನಡೆಯುತ್ತದೆ. ಫ್ರೆಂಚ್‌ನಲ್ಲೂ ಅಷ್ಟೇ. ಈ ನಂಟರು ಒಪ್ಪಿಕೊಂಡಿದ್ದನ್ನು ಇಂಗ್ಲಿಷ್ ಯಾಕೆ ಒಪ್ಪುವುದಿಲ್ಲ ಅನ್ನೋದು ಭಾಷಾಶಾಸ್ತ್ರದವರಿಗೂ ತಲೆಬಿಸಿಯ ವಿಷಯ. ಜರ್ಮನಿಯ ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಇದರ ಮೇಲೆಯೇ ಉದ್ದದ ಲೇಖನ ಬರೆದರು. ತಲೆಬರಹದಲ್ಲೇ ಇದನ್ನು ಒಗಟು ಅಂತ ಕರೆದರು. ಅದಕ್ಕೇ ಜರ್ಮನ್ನರು, ಫ್ರೆಂಚರು ಇಂಗ್ಲಿಷ್ ಮಾತಾಡುವಾಗ ನಿಮ್ಮ ಹಾಗೇ ಎಡವುತ್ತಾರೆ. ಆಫೀಸಿನಲ್ಲಿ ಜರ್ಮನ್ ಕ್ಲೈಂಟ್ ಇದ್ದರೆ ಅವರ ಮೇಲ್ ಗಮನಿಸಿ, ನಿಮಗೆ ಸಮಾಧಾನ ಆಗುತ್ತದೆ.

ಇದೇ ರೋಗದ ಇನ್ನೊಂದು ರೂಪ ಪ್ರಶ್ನೆಯಲ್ಲಿ ಬರುತ್ತದೆ. ‘ಪುಣೆಗೆ ಯಾವಾಗ ಬಂದಿದ್ದೀರಿ?’ ಅನ್ನೋದು ‘ವೆನ್ ಹ್ಯಾವ್ ಯು ಕಮ್ ಟು ಪುಣೆ?’ ಆಗಿಬಿಡುತ್ತದೆ. ‘ವೆನ್’ ಅಂದಕೂಡಲೇ ನೀವು ಗಡಿಯಾರ ಕೇಳಿದಂತಾಯಿತು. ಆದ್ದರಿಂದ ‘ವೆನ್ ಡಿಡ್ ಯು ಕಮ್ ಟು ಪುಣೆ?’ ‘ವೆನ್’ ಮತ್ತು ‘ಹ್ಯಾವ್’ ಒಂದೇ ಪ್ರಶ್ನೆಯಲ್ಲಿ ಹೀಗೆ ಜೊತೆಯಾಗಿ ಕಂಡರೆ ಹತ್ತಕ್ಕೆ ಒಂಬತ್ತು ಸಲ ತಪ್ಪೇ ಇರುತ್ತದೆ.

‘ದಿಸ್ ಮಾರ್ನಿಂಗ್’ ಮಾತ್ರ ಎರಡು ದೋಣಿಯಲ್ಲಿ ಕಾಲಿಡುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಪ್ಸ್ ಆಫ್ ಟೀ ದಿಸ್ ಮಾರ್ನಿಂಗ್’ ಅನ್ನಬಹುದು, ಬೆಳಗು ಇನ್ನೂ ಮುಗಿದಿಲ್ಲ. ಸಂಜೆ ನಾಲ್ಕಕ್ಕೆ ಅದನ್ನೇ ಹೇಳಬೇಕಾದರೆ ‘ಐ ಹ್ಯಾಡ್ ಟೂ ಕಪ್ಸ್’. ಈ ‘ಹ್ಯಾಡ್’ ಕುಡಿದೆ ಅನ್ನೋ ಅರ್ಥದ ‘ಹ್ಯಾಡ್’, ಮೇಲಿನ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಮೆರಿಕದ ಕ್ಲೈಂಟ್ ಆದರೆ ಸ್ವಲ್ಪ ಸಡಿಲ. ಬ್ರಿಟಿಷರು ‘ಹ್ಯಾವ್ ಯು ಈಟನ್ ಯೆಟ್?’ ಅನ್ನುವ ಕಡೆ ಅಮೆರಿಕನ್ನರು ‘ಡಿಡ್ ಯು ಈಟ್ ಯೆಟ್?’ ಅಂತಾರೆ. ‘ಐ ಆಲ್‌ರೆಡಿ ಸೆಂಟ್ ಇಟ್’ ಅಲ್ಲಿ ಧಾರಾಳ. ಆದರೆ ‘ಹ್ಯಾವ್’ ಜೊತೆ ‘ಯೆಸ್ಟರ್‌ಡೇ’ ಅವರಿಗೂ ಬೇಡ. ಅನುಮಾನ ಬಂದಾಗ ಸಾದಾ ‘ಸೆಂಟ್’ ಬರೆಯಿರಿ. ಲಂಡನ್ನಿಗೂ ನಡೆಯುತ್ತದೆ, ಟೆಕ್ಸಸ್‌ಗೂ ನಡೆಯುತ್ತದೆ.

‘ಗಾನ್’, ‘ಬೀನ್’ ಎರಡರ ವ್ಯತ್ಯಾಸ ನಮಗೆ ಸುಲಭ, ಯಾಕೆಂದರೆ ಕನ್ನಡದಲ್ಲೂ ಇದೆ. ‘ಹೀ ಹ್ಯಾಸ್ ಗಾನ್ ಟು ಗೋವಾ’ ಅಂದರೆ ಗೋವಾಕ್ಕೆ ಹೋಗಿದ್ದಾನೆ, ಈಗ ಅಲ್ಲೇ ಇದ್ದಾನೆ. ‘ಹೀ ಹ್ಯಾಸ್ ಬೀನ್ ಟು ಗೋವಾ’ ಅಂದರೆ ಹೋಗಿ ಬಂದಿದ್ದಾನೆ. ಅಷ್ಟೇ.

ನೀವು ಕೇಳಿಲ್ಲ, ಆದರೂ ಇದೇ ಮನೆತನದ ಇನ್ನೊಂದು ತಪ್ಪನ್ನು ಹೇಳಿಬಿಡುತ್ತೇನೆ. ಇದರಿಂದ ನಿಜವಾಗಿ ನಷ್ಟ ಆಗಬಹುದು. ನನ್ನ ಹತ್ತಿರ ಬರುತ್ತಿದ್ದ ಧಾರವಾಡ ಕಡೆಯ ಒಬ್ಬರು ಇಂಟರ್‌ವ್ಯೂಗೆ ಹೋಗಿದ್ದರು. ಆಗ ಅವರು ಕೆಲಸದಲ್ಲಿ ಇದ್ದೇ ಇದ್ದರು. ಅಲ್ಲಿ ‘ಐ ವರ್ಕ್ಡ್ ದೇರ್ ಫಾರ್ ಏಟ್ ಇಯರ್ಸ್’ ಅಂದರು. ಎದುರಿಗಿದ್ದವರು ‘ವೈ ಡಿಡ್ ಯು ಲೀವ್?’ ಅಂದರು. ಇವರು ಕಕ್ಕಾಬಿಕ್ಕಿ. ‘ಐ ಡಿಡ್ ನಾಟ್ ಲೀವ್’ ಅಂದದ್ದೇ ತಡ, ಎದುರಿನವರಿಗೆ ಇವರು ಏನೋ ಮುಚ್ಚಿಡುತ್ತಿದ್ದಾರೆ ಅನಿಸಿತು. ಮುಂದಿನ ಐದು ನಿಮಿಷ ಅದನ್ನು ಬಿಡಿಸೋದರಲ್ಲೇ ಹೋಯಿತು. ‘ವರ್ಕ್ಡ್ ಫಾರ್ ಏಟ್ ಇಯರ್ಸ್’ ಅಂದರೆ ಎಂಟು ವರ್ಷ ಮಾಡಿ ಬಿಟ್ಟೆ ಅಂತ. ಇನ್ನೂ ಅಲ್ಲೇ ಇದ್ದರೆ ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಏಟ್ ಇಯರ್ಸ್’ ಅಥವಾ ‘ಐ ಹ್ಯಾವ್ ಬೀನ್ ವರ್ಕಿಂಗ್’. ಒಂದು ‘ಹ್ಯಾವ್’ ಇಲ್ಲದೆ ನೌಕರಿಯೇ ಬಿಟ್ಟಂತಾಯಿತು.

ಇದಕ್ಕಿಂತ ನಮ್ಮಲ್ಲಿ ಜಾಸ್ತಿ ಕೇಳುವುದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ಕನ್ನಡ ಇದರಲ್ಲೂ ಒಳಗೇ ಕೂತಿದೆ: ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೇನೆ.’ ಕ್ರಿಯಾಪದ ಈಗಿನ ಕಾಲದಲ್ಲಿದೆ, ಹಾಗಾಗಿ ‘ಆಮ್ ವರ್ಕಿಂಗ್’. ‘ಇಂದ’ ಇದೆ, ಹಾಗಾಗಿ ‘ಸಿನ್ಸ್’. ನಮ್ಮ ‘ಇಂದ’ ಬಹಳ ಉದಾರಿ. ‘2019ರಿಂದ’ ಅನ್ನೋದಕ್ಕೂ ಅದೇ, ‘ಐದು ವರ್ಷದಿಂದ’ ಅನ್ನೋದಕ್ಕೂ ಅದೇ. ಮರಾಠಿಯ ‘ಪಾಸೂನ್’ ಕೂಡ ಎರಡೂ ಕಡೆ ನಡೆಯುತ್ತದೆ, ಹಿಂದಿಯ ‘ಸೇ’ ಕೂಡ. ಇಂಗ್ಲಿಷ್ ಇದನ್ನು ಎರಡು ಪಾಲು ಮಾಡಿದೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’: ‘ಸಿನ್ಸ್ 2019’, ‘ಸಿನ್ಸ್ ಮಂಡೇ’, ‘ಸಿನ್ಸ್ ಮೈ ಮ್ಯಾರೇಜ್’. ಎಷ್ಟು ಕಾಲ ಅಂತ ಅಳತೆ ಹೇಳಿದರೆ ‘ಫಾರ್’: ‘ಫಾರ್ ಫೈವ್ ಇಯರ್ಸ್’, ‘ಫಾರ್ ಟೂ ಅವರ್ಸ್’. ‘ಸಿನ್ಸ್ ಲಾಸ್ಟ್ ಫೈವ್ ಇಯರ್ಸ್’ ಅನ್ನೋದು ಎರಡಕ್ಕೂ ಸೇರದ್ದು. ‘ಫಾರ್ ದ ಲಾಸ್ಟ್ ಫೈವ್ ಇಯರ್ಸ್’ ಅನ್ನಿ. ಇಲ್ಲಿಯೂ ಜರ್ಮನ್ನರು, ಫ್ರೆಂಚರು ನಮ್ಮ ಸಾಲಿನಲ್ಲೇ ನಿಂತಿದ್ದಾರೆ. ಅವರ ಭಾಷೆಯಲ್ಲೂ ಎರಡಕ್ಕೂ ಒಂದೇ ಶಬ್ದ, ಕ್ರಿಯಾಪದವೂ ಈಗಿನ ಕಾಲದ್ದೇ.

ಒಂದು ಎಚ್ಚರಿಕೆ. ‘ಐ ಆಮ್ ಆನ್ ಲೀವ್ ಫ್ರಮ್ ಮಂಡೇ’ ಅಂದರೆ ಬರುವ ಸೋಮವಾರದಿಂದ ರಜೆ. ಹೋದ ಸೋಮವಾರದಿಂದ ರಜೆಯಲ್ಲಿದ್ದೀರಿ ಅಂತ ಹೇಳಬೇಕಾದರೆ ‘ಐ ಹ್ಯಾವ್ ಬೀನ್ ಆನ್ ಲೀವ್ ಸಿನ್ಸ್ ಮಂಡೇ’. ಇದನ್ನು ತಪ್ಪಾಗಿ ಬರೆದರೆ ರಜೆಯ ಲೆಕ್ಕವೇ ಗೊಂದಲ ಆಗುತ್ತದೆ.

ಇನ್ನೊಂದು ಜಾಗದಲ್ಲೂ ಅರ್ಥ ತಿರುಗುತ್ತದೆ. ‘ಡಿಡಂಟ್ ಯು ಗೆಟ್ ಮೈ ಮೇಲ್?’ ಅಂತ ಕೇಳಿದರೆ ನಾವು ‘ಯೆಸ್’ ಅನ್ನುತ್ತೇವೆ. ಮನಸ್ಸಿನಲ್ಲಿ ಇರೋದು ‘ಹೌದು, ಬಂದಿಲ್ಲ’. ಅವರಿಗೆ ಕೇಳಿಸೋದು ‘ಬಂದಿದೆ’. ಜಪಾನಿನವರೂ ನಮ್ಮ ಹಾಗೇ ‘ಹೌದು, ಬಂದಿಲ್ಲ’ ಅನ್ನುವವರು, ಅವರ ಜೊತೆ ಕಾಲ್ ಇದ್ದರೆ ಗೊಂದಲ ಕಡಿಮೆ! ‘ಡು ಯು ಮೈಂಡ್ ಇಫ್ ಐ ರೆಕಾರ್ಡ್ ದಿಸ್?’ ಅಂದಾಗ ‘ಯೆಸ್, ಯೆಸ್’ ಅಂದರೆ ಬೇಡ ಅಂದ ಹಾಗೆ. ಇದರ ರೂಲ್ ನೆನಪಿಡುವ ಗೋಜಿಗೆ ಹೋಗಬೇಡಿ. ‘ಯೆಸ್’, ‘ನೋ’ ಎರಡನ್ನೂ ಬಿಟ್ಟು ವಿಷಯ ಹೇಳಿ: ‘ಐ ಹ್ಯಾವಂಟ್ ರಿಸೀವ್ಡ್ ಇಟ್.’ ‘ಪ್ಲೀಸ್ ಗೋ ಅಹೆಡ್.’ ಮುಗೀತು.

ಇಷ್ಟೆಲ್ಲ ಆದಮೇಲೆ ‘ಮೇಡಂ, ಹಾಗಾದರೆ ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್?’ ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಐ ಹ್ಯಾವ್ ಟೂ ಸಿಸ್ಟರ್ಸ್’ ಸರಿ. ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಬದಲು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ನಮ್ಮ ‘ಅರ್ಥ ಆಗ್ತಾ ಇಲ್ಲ’ ಅಲ್ಲಿ ಹಾಗೇ ಇಳಿದಿದೆ. ಆದರೆ ನನ್ನ ಅಭಿಪ್ರಾಯದಲ್ಲಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಕೇಳಿದವರು ನಕ್ಕಾರು, ಆದರೆ ನಿಮಗೆ ಇಬ್ಬರು ಅಕ್ಕತಂಗಿಯರು ಅನ್ನೋದು ಅವರಿಗೆ ಸರಿಯಾಗಿಯೇ ತಿಳಿಯುತ್ತದೆ. ‘ಸಿನ್ಸ್ ಫೈವ್ ಇಯರ್ಸ್’ ಕೂಡ ಇದೇ ಸಾಲಿನದು. ಪರೀಕ್ಷೆಯಲ್ಲಿ ಅಂಕ ಹೋಗಬಹುದು, ಅರ್ಥ ಕೆಡುವುದಿಲ್ಲ. ‘ಹ್ಯಾಡ್ ಸೆಂಟ್’, ‘ವರ್ಕ್ಡ್ ಫಾರ್ ಏಟ್ ಇಯರ್ಸ್’, ಬರೀ ‘ಯೆಸ್’, ಈ ಮೂರರಲ್ಲಿ ನೀವು ಹೇಳಿದ್ದು ಒಂದು, ಅವರು ತಿಳಿದದ್ದು ಇನ್ನೊಂದು. ನಾನಾದರೆ ಮೊದಲು ಈ ಮೂರನ್ನು ಹಿಡಿಯುತ್ತೇನೆ. ಉಳಿದವು ನಿಧಾನಕ್ಕೆ ಸರಿಯಾದರೆ ಆಯಿತು, ಆಗದಿದ್ದರೂ ಆಯಿತು.

ಬಾಯಿಪಾಠ ಮಾಡಿದ 12 ಟೆನ್ಸ್‌ಗಳ ಪಟ್ಟಿ ಇದಕ್ಕೆ ಸಹಾಯ ಮಾಡುವುದಿಲ್ಲ. ಆ ಪಟ್ಟಿ ರೂಪ ಹೇಗೆ ಕಟ್ಟೋದು ಅಂತ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪವೇ ಬದಲಾಗುವ ಟೆನ್ಸ್ ಇರೋದು ಎರಡೇ, ಉಳಿದದ್ದೆಲ್ಲ ‘ಬಿ’, ‘ಹ್ಯಾವ್’, ‘ವಿಲ್’ ಸೇರಿಸಿ ಕಟ್ಟಿದ್ದು ಅಂತ ವ್ಯಾಕರಣ ಬಲ್ಲವರು ಬಹಳ ಜನ ಹೇಳುತ್ತಾರೆ. ಕಂಪ್ಯೂಟರಿನ ಗ್ರಾಮರ್ ಚೆಕ್ಕರನ್ನೂ ಪೂರ್ತಿ ನಂಬಬೇಡಿ. ‘ಐ ಹ್ಯಾಡ್ ಸೆಂಟ್ ದ ರಿಪೋರ್ಟ್ ಆನ್ ಮಂಡೇ’ ವಾಕ್ಯವಾಗಿ ತಪ್ಪಿಲ್ಲ. ಸರಿಯಾದ ಸಂದರ್ಭ ಇದ್ದರೆ ಅದೇ ಸರಿ. ಆಮೇಲೆ ಏನೂ ಆಗಿಲ್ಲ ಅನ್ನೋದು ಚೆಕ್ಕರಿಗೆ ಹೇಗೆ ಗೊತ್ತಾಗಬೇಕು?

ಕ್ಲಾಸಿನ ಫೀಸಿನ ಬದಲು ಈ ಕೆಲಸ ಮಾಡಿ. ನಿಮ್ಮ ಮೇಲ್ ಬಾಕ್ಸಿನ ಸೆಂಟ್ ಫೋಲ್ಡರ್ ತೆರೆಯಿರಿ. ಸರ್ಚ್‌ನಲ್ಲಿ ‘ಹ್ಯಾಡ್’ ಹಾಕಿ. ನೀವೇ ಬರೆದ ವಾಕ್ಯಗಳು ಸಾಲಾಗಿ ಬರುತ್ತವೆ. ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ, ‘ಅಷ್ಟರಲ್ಲಿ ಆಗಲೇ’ ಸೇರಿಸಿ ನೋಡಿ. ಕೂರದಿದ್ದ ಕಡೆ ‘ಹ್ಯಾಡ್’ ತೆಗೆದು ಓದಿ. ‘ಹ್ಯಾಡ್ ಎ ಕಾಲ್’, ‘ಹ್ಯಾಡ್ ಟು ರೀಸ್ಟಾರ್ಟ್’ ತರಹದವು ಬೇರೆ ಜಾತಿ, ಅವನ್ನು ಹಾಗೇ ಬಿಡಿ. ಹತ್ತಿಪ್ಪತ್ತು ವಾಕ್ಯ ಆಗುವಷ್ಟರಲ್ಲಿ ಕೈಗೆ ಹಿಡಿತ ಸಿಗುತ್ತದೆ. ಆಮೇಲೆ ಇದೇ ರೀತಿ ‘ಸಿನ್ಸ್’ ಹುಡುಕಿ.

ಮಗಳ ವಿಷಯ. ಅವಳ ಇಂಗ್ಲಿಷ್ ಬರೋದು ಟೀಚರ್ ಮತ್ತು ಗೆಳತಿಯರಿಂದ. ಪುಣೆಯಲ್ಲಿ ಅವರ ಮನೆಮಾತು ಹೆಚ್ಚಾಗಿ ಮರಾಠಿ, ಹಿಂದಿ. ಮನೆಗೆ ಬಂದರೆ ನೀವು ಕನ್ನಡ. ಎಲ್ಲ ಕಡೆಯಿಂದಲೂ ‘ಹೋಗಿದ್ದೆ’ಯೇ ಕಿವಿಗೆ ಬೀಳುವಾಗ ಅವಳು ‘ಹ್ಯಾಡ್ ಗಾನ್’ ಅನ್ನದೆ ಇನ್ನೇನು ಅಂದಾಳು? ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಇದು ತಾನಾಗಿ ಸರಿಹೋಗುತ್ತದೆ ಅನ್ನೋ ನಂಬಿಕೆ ನನಗಿಲ್ಲ. ಅವಳ ಮಾತನ್ನು ಅರ್ಧಕ್ಕೆ ತಡೆದು ‘ಹ್ಯಾಡ್ ಬೇಡ’ ಅಂತ ಮಾತ್ರ ತಿದ್ದಬೇಡಿ. ಏಳನೇ ಕ್ಲಾಸಿನ ಮಕ್ಕಳು ಎರಡು ಸಲ ತಡೆದರೆ ಮೂರನೇ ಸಲ ಹೇಳೋದನ್ನೇ ಬಿಡುತ್ತಾರೆ. ಅವಳು ‘ವಿ ಹ್ಯಾಡ್ ಗಾನ್ ಟು ಸಿಂಹಗಡ್’ ಅಂದರೆ ನೀವು ‘ಓ, ಯು ವೆಂಟ್ ಟು ಸಿಂಹಗಡ್? ಹೂ ವೆಂಟ್ ವಿತ್ ಯು?’ ಅಂತ ಕೇಳಿ. ‘ವೆಂಟ್’ ಎರಡು ಸಲ ಅವಳ ಕಿವಿಗೆ ಬೀಳುತ್ತದೆ, ಉತ್ತರ ಕೊಡುವಾಗ ಅವಳೂ ಅದನ್ನೇ ಎತ್ತಿಕೊಳ್ಳುವ ಸಾಧ್ಯತೆ ಜಾಸ್ತಿ. ಎತ್ತಿಕೊಳ್ಳದಿದ್ದರೆ ಬಿಡಿ, ‘ವಾಟ್ ಡಿಡ್ ಯು ಈಟ್ ದೇರ್?’ ಅಂತ ಮುಂದಿನ ಪ್ರಶ್ನೆ ಕೇಳಿ. ಸಿಂಹಗಡದ ಪಿಠಲ ಭಾಕರಿ, ಕಾಂದಾ ಭಜಿ, ಮಣ್ಣಿನ ಕುಡಿಕೆಯ ಮೊಸರಿನ ಬಗ್ಗೆ ಹೇಳೋಕೆ ಶುರು ಮಾಡಿದರೆ ‘ಏಟ್’, ‘ಡ್ರ್ಯಾಂಕ್’, ‘ಬಾಟ್’ ಎಲ್ಲ ತಾವೇ ಸಾಲಾಗಿ ಬರುತ್ತವೆ.